ಓದುಗರು ಕೇಳಿದ್ದು: ಹಳೇ ರೆಫರೆನ್ಸ್ ಸಾಫ್ಟ್‌ವೇರ್, ಹೊಸ ಕಂಪ್ಯೂಟರ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯವು. ವರ್ಷಗಟ್ಟಲೆ ಕೂಡಿಸಿಟ್ಟ ಪುಸ್ತಕ, ಲೇಖನ, ಶಾಸನಗಳ ಪಟ್ಟಿ ಯಾವುದೋ ಹಳೇ ಸಾಫ್ಟ್‌ವೇರಿನಲ್ಲಿದೆ. ಹೊಸ ಕಂಪ್ಯೂಟರಿನಲ್ಲಿ ಅದು ತೆರೆಯುತ್ತಿಲ್ಲ. ಬಳ್ಳಾರಿಯ ಕಾಲೇಜೊಂದರ ಗ್ರಂಥಪಾಲಕಿಯಾಗಿ ಸಂಶೋಧಕರ ಈ ಕಷ್ಟವನ್ನು ನಾನು ಹತ್ತಿರದಿಂದ ನೋಡುತ್ತಿದ್ದೇನೆ. ಆದ್ದರಿಂದ ಈ ಕಂತು ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಉಪನ್ಯಾಸಕ. ರಾಯಚೂರು ದೋಆಬಿನ ಶಾಸನಗಳ ಬಗ್ಗೆ ಕೆಲಸ ಮಾಡುತ್ತಾ ಬಂದಿದ್ದೇನೆ. ನನ್ನ ಎಲ್ಲ ಟಿಪ್ಪಣಿ, ಆಕರಗಳ ವಿವರ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರಿನಲ್ಲಿ, ರೆಫರೆನ್ಸ್ ಮ್ಯಾನೇಜರ್ ಎಂಬ ಸಾಫ್ಟ್‌ವೇರಿನಲ್ಲಿವೆ. ಆ ಕಂಪ್ಯೂಟರ್ ಈಗ ತಾರೀಖು ತಪ್ಪು ತೋರಿಸುತ್ತದೆ. ಒಮ್ಮೊಮ್ಮೆ ಆನ್ ಆಗುವುದೇ ಇಲ್ಲ. ಮಗ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಡಿಸಿದ್ದಾನೆ. ಅದರಲ್ಲಿ ಈ ಸಾಫ್ಟ್‌ವೇರ್ ಓಡುವಂತೆ ಮಾಡುವುದು ಹೇಗೆ?
— ಓದುಗರೊಬ್ಬರು, ಲಿಂಗಸುಗೂರು

ಉತ್ತರ: ಸರ್, ಲ್ಯಾಪ್‌ಟಾಪಿನ ವಿಷಯ ಆಮೇಲೆ ನೋಡೋಣ. ಹಳೇ ಕಂಪ್ಯೂಟರ್ ಇನ್ನೂ ಒಮ್ಮೊಮ್ಮೆಯಾದರೂ ಆನ್ ಆಗುತ್ತಿದೆಯಲ್ಲ, ಮುಂದಿನ ಸಲ ಆನ್ ಆದ ತಕ್ಷಣ ಬೇರೆ ಏನನ್ನೂ ಮುಟ್ಟದೆ ನಿಮ್ಮ ಟಿಪ್ಪಣಿಗಳ ನಕಲು ತೆಗೆದುಕೊಳ್ಳಿ. ಸಾಫ್ಟ್‌ವೇರನ್ನು ಹೇಗಾದರೂ ಹುಡುಕಬಹುದು. ಮಸ್ಕಿಯ ಬಂಡೆ ಮುಂದೆ ನಿಂತು ನೀವು ಬರೆದುಕೊಂಡ ಟಿಪ್ಪಣಿ ಇನ್ನೆಲ್ಲೂ ಸಿಗುವುದಿಲ್ಲ.

ರೆಫರೆನ್ಸ್ ಮ್ಯಾನೇಜರ್ ಒಂದೊಂದು ಡೇಟಾಬೇಸನ್ನೂ ಎರಡು ಫೈಲುಗಳಲ್ಲಿ ಇಡುತ್ತದೆ. ಎರಡರ ಹೆಸರೂ ಒಂದೇ, ಕೊನೆಯ ಅಕ್ಷರಗಳು ಬೇರೆ. ಒಂದಕ್ಕೆ ಆರ್‌ಎಂಡಿ, ಇನ್ನೊಂದಕ್ಕೆ ಆರ್‌ಎಂಎಕ್ಸ್. ಸಾಫ್ಟ್‌ವೇರ್ ಮುಚ್ಚಿ, ಎರಡನ್ನೂ ಒಟ್ಟಿಗೆ ಪೆನ್‌ಡ್ರೈವಿಗೆ ಹಾಕಿ. ಒಂದೇ ಪೆನ್‌ಡ್ರೈವ್ ಸಾಲದು, ಎರಡರಲ್ಲಿ ಇಡಿ. ಇಲ್ಲೊಂದು ತೊಡಕು ಬರಬಹುದು. ಈಗ ಅಂಗಡಿಯಲ್ಲಿ ಸಿಗುವ ದೊಡ್ಡ ಪೆನ್‌ಡ್ರೈವ್‌ಗಳು ಎಕ್ಸ್‌ಫ್ಯಾಟ್ ರೀತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತವೆ. ಬೇರೆ ಅಪ್‌ಡೇಟ್ ಹಾಕದ ಹೊರತು ಎಕ್ಸ್‌ಪಿ ಅದನ್ನು ಓದುವುದಿಲ್ಲ. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕದನ್ನು ತೆಗೆದುಕೊಂಡು, ಲ್ಯಾಪ್‌ಟಾಪಿನಲ್ಲೇ ಫ್ಯಾಟ್32 ಎಂದು ಫಾರ್ಮ್ಯಾಟ್ ಮಾಡಿ ಆಮೇಲೆ ಹಳೇ ಕಂಪ್ಯೂಟರಿಗೆ ಹಾಕಿ.

ತಾರೀಖು ತಪ್ಪು ತೋರಿಸುವುದಕ್ಕೆ ಸಾಮಾನ್ಯವಾಗಿ ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಮುಗಿದಿರುವುದೇ ಕಾರಣ. ಸಿಆರ್ 2032 ಎಂದು ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಆನ್ ಆಗದೇ ಇರುವುದಕ್ಕೆ ಎಷ್ಟೋ ಸಲ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಡಬ್ಬಿ, ಕಾರಣವಾಗಿರುತ್ತದೆ. ನಮ್ಮ ಕಡೆಯ ಧೂಳು, ಬೇಸಿಗೆ, ಕರೆಂಟಿನ ಏರಿಳಿತ ಮೂರೂ ಸೇರಿ ಅದನ್ನು ಬೇಗ ಕೆಡಿಸುತ್ತವೆ. ಅದು ಹೋದರೂ ಹಾರ್ಡ್‌ಡಿಸ್ಕ್ ಚೆನ್ನಾಗಿಯೇ ಇರಬಹುದು. ಡಿಸ್ಕನ್ನು ಹೊರಗೆ ತೆಗೆದು, ಯುಎಸ್‌ಬಿ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ ಫೈಲುಗಳನ್ನು ತೆಗೆಯಬಹುದು. ತುಂಬ ಹಳೇ ಡಿಸ್ಕ್ ಆದರೆ ಅಗಲ ಪಟ್ಟಿ ಕೇಬಲ್ಲಿನ ಐಡಿಇ ಇರುತ್ತದೆ, ಆಮೇಲಿನದು ಸಾಟಾ. ಎರಡಕ್ಕೂ ಹೊಂದುವ ಅಡಾಪ್ಟರನ್ನೇ ಕೇಳಿ. ರಿಪೇರಿಗೆ ಕೊಡುವಾಗ ಸಿಪಿಯು ಮೇಲೆ 'ಫಾರ್ಮ್ಯಾಟ್ ಮಾಡಬಾರದು' ಎಂದು ದೊಡ್ಡದಾಗಿ ಬರೆದು ಅಂಟಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಅಂಗಡಿಯ ಇನ್ನೊಬ್ಬ ಹುಡುಗನಿಗೆ ತಲುಪಿರುವುದಿಲ್ಲ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಪದೇಪದೇ ಆನ್ ಮಾಡಿ ನೋಡಬೇಡಿ. ಡೇಟಾ ತೆಗೆಯುವುದನ್ನೇ ಕಸುಬಾಗಿ ಮಾಡುವವರಿಗೆ ಕೊಡಿ.

ಇನ್ನು ಸಾಫ್ಟ್‌ವೇರಿನ ವಿಷಯ. ರೆಫರೆನ್ಸ್ ಮ್ಯಾನೇಜರಿನ ಮಾರಾಟ 2015ರ ಡಿಸೆಂಬರ್ 31ಕ್ಕೆ ನಿಂತಿತು. ಅದಾದ ಒಂದು ವರ್ಷಕ್ಕೆ ಕಂಪನಿಯ ನೆರವೂ ನಿಂತಿತು. 12ನೇ ಆವೃತ್ತಿಯೇ ಕೊನೆಯದು. ವಿಂಡೋಸ್ 11ಕ್ಕೆ ಹೊಂದುವ ಹೊಸ ಆವೃತ್ತಿ ಬರುವುದಿಲ್ಲ. ಆದ್ದರಿಂದ ನನ್ನ ಮಾತು ಇಷ್ಟೇ: ಅದನ್ನು ಬದುಕಿಸಿ, ಆದರೆ ಟಿಪ್ಪಣಿಗಳನ್ನು ಹೊರಗೆ ತರುವವರೆಗೆ ಮಾತ್ರ.

ಹೊರಗೆ ತರುವ ದಾರಿ ಆ ಸಾಫ್ಟ್‌ವೇರಿನಲ್ಲೇ ಇದೆ. ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆರಿಸಿ, ಆರ್‌ಐಎಸ್ ರೂಪದಲ್ಲಿ ಉಳಿಸಿ. ಈ ಆರ್‌ಐಎಸ್ ಹುಟ್ಟಿದ್ದೇ ರೆಫರೆನ್ಸ್ ಮ್ಯಾನೇಜರ್ ಮಾಡಿದ ರಿಸರ್ಚ್ ಇನ್ಫರ್ಮೇಶನ್ ಸಿಸ್ಟಮ್ಸ್ ಎಂಬ ಕಂಪನಿಯಲ್ಲಿ. ಅದರ ಮೊದಲ ಅಕ್ಷರಗಳೇ ಈ ಹೆಸರು. ಕಂಪನಿ ಕೈ ಬದಲಾಯಿತು, ಸಾಫ್ಟ್‌ವೇರ್ ನಿಂತಿತು. ಆರ್‌ಐಎಸ್ ಮಾತ್ರ ಇವತ್ತಿಗೂ ಎಲ್ಲ ಕಡೆ ಚಾಲ್ತಿಯಲ್ಲಿದೆ. ಇದೇ ಕೆಲಸ ಮಾಡುವ ಬೇರೆ ಸಾಫ್ಟ್‌ವೇರ್‌ಗಳಾದ ಜೊಟೆರೊ, ಎಂಡ್‌ನೋಟ್, ಮೆಂಡಲೆ, ಜ್ಯಾಬ್‌ರೆಫ್ ಎಲ್ಲವೂ ಅದನ್ನು ಓದುತ್ತವೆ. ಅದು ಬರೀ ಅಕ್ಷರಗಳ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಂದೊಂದು ಸಾಲಿನ ಮೊದಲಿಗೆ ಎರಡಕ್ಷರದ ಗುರುತು ಇರುತ್ತದೆ: ಎಯು ಎಂದರೆ ಲೇಖಕ, ಪಿವೈ ಎಂದರೆ ವರ್ಷ, ಕೆಡಬ್ಲ್ಯು ಎಂದರೆ ವಿಷಯಪದ, ಎನ್1 ಎಂದರೆ ಟಿಪ್ಪಣಿ, ಇಆರ್ ಎಂದರೆ ಆ ದಾಖಲೆ ಮುಗಿಯಿತು. ನಾಳೆ ಯಾವ ಸಾಫ್ಟ್‌ವೇರೂ ಇಲ್ಲದಿದ್ದರೂ ಮನುಷ್ಯರೇ ಓದಬಹುದು. ಇದರ ಮೇಲೆ ನನಗೆ ಇಷ್ಟು ನಂಬಿಕೆ ಇರುವುದು ಅದಕ್ಕೇ.

ಎಕ್ಸ್‌ಪೋರ್ಟ್ ಆಯಿತು ಅಂತ ನಿಶ್ಚಿಂತೆಯಿಂದ ಇರಬೇಡಿ. ಹಳೇ ಕಂಪ್ಯೂಟರಿನಲ್ಲಿ ಎಷ್ಟು ದಾಖಲೆಗಳಿವೆಯೋ ಹೊಸದರಲ್ಲೂ ಅಷ್ಟೇ ಬಂದಿವೆಯಾ ನೋಡಿ. ಆಮೇಲೆ ಕಷ್ಟದ ದಾಖಲೆಗಳನ್ನೇ ಆರಿಸಿ ತಾಳೆ ನೋಡಿ. ನಿಮ್ಮ ವಿಷಯದಲ್ಲಿ ಅವು ಯಾವುವು ಎಂದು ನಾನೇ ಹೇಳಬಲ್ಲೆ. ಮಸ್ಕಿಯ ಅಶೋಕನ ಶಾಸನದ ಬಗ್ಗೆ 1915ರಲ್ಲಿ ಬಂದ ಎಚ್. ಕೃಷ್ಣಶಾಸ್ತ್ರಿಗಳ ಪುಸ್ತಿಕೆ ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್‌ನ ಮೊದಲನೆಯದು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳ ಬಗ್ಗೆ 1932ರಲ್ಲಿ ಟರ್ನರ್ ಬರೆದದ್ದು ಅದೇ ಮಾಲೆಯ ಹತ್ತನೆಯದು. ಈ ಮಾಲೆಯ ಹೆಸರು ಮತ್ತು ಸಂಖ್ಯೆ ದಾಟುವಾಗ ಕಳೆದುಹೋಗುವುದುಂಟು. ಇಲ್ಲವೇ ಸಂಪುಟ ಸಂಖ್ಯೆಯ ಜಾಗದಲ್ಲಿ ಹೋಗಿ ಕೂರುತ್ತದೆ. ಬಳ್ಳಾರಿ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಆದ್ದರಿಂದ ಈ ಭಾಗದ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 9ನೇ ಸಂಪುಟವನ್ನೂ ನೀವು ಉಲ್ಲೇಖಿಸಿರುತ್ತೀರಿ. ಅಲ್ಲಿ 'ಸಂಪುಟ 9, ಭಾಗ 1' ಅನ್ನುವುದು ಎರಡೂ ಬಂದಿದೆಯಾ ನೋಡಿ. ಟರ್ನರ್ ಪುಸ್ತಕದ ಹೆಸರಿನಲ್ಲಿ ಅಕ್ಷರಗಳ ಮೇಲೆ ಗೆರೆ, ಕೆಳಗೆ ಚುಕ್ಕೆ ಇರುತ್ತವೆ. ಅವು ಪ್ರಶ್ನಾರ್ಥಕ ಚಿಹ್ನೆ ಅಥವಾ ಚೌಕ ಆಗಿದ್ದರೆ ಆರ್‌ಐಎಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಕಂಡರೆ ಸೇವ್ ಆ್ಯಸ್‌ನಲ್ಲಿ ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿಸುವ ಯುಟಿಎಫ್-8 ರೂಪ ಆರಿಸಿ ಉಳಿಸಿ, ಮತ್ತೆ ಆಮದು ಮಾಡಿ. ಅಲ್ಲೂ ಕೆಟ್ಟಿದ್ದರೆ ತೊಂದರೆ ಎಕ್ಸ್‌ಪೋರ್ಟಿನಲ್ಲೇ ಆಗಿದೆ, ಅವನ್ನು ಕೈಯಿಂದ ತಿದ್ದಬೇಕು. ನೀವೇ ಮಾಡಿಕೊಂಡ ವಿಶೇಷ ಖಾನೆಗಳಿದ್ದರೆ, ಅಂದರೆ 'ಕ್ಷೇತ್ರಕಾರ್ಯದ ದಿನ', 'ಕಲ್ಲಿನ ಸ್ಥಿತಿ' ಇಂಥವು, ಅವು ಯು1, ಯು2 ಗುರುತಿನ ಸಾಲುಗಳಲ್ಲಿ ಬರುತ್ತವೆ. ಹೊಸ ಸಾಫ್ಟ್‌ವೇರ್ ಅವನ್ನು ಸರಿಯಾದ ಜಾಗಕ್ಕೆ ಹಾಕುತ್ತದೆ ಎಂದು ನಂಬಬೇಡಿ, ಒಂದೆರಡನ್ನು ತೆರೆದು ನೋಡಿ.

ಇಷ್ಟಾದ ಮೇಲೂ ಹಳೇ ಸಾಫ್ಟ್‌ವೇರನ್ನೇ ಲ್ಯಾಪ್‌ಟಾಪಿನಲ್ಲಿ ಓಡಿಸಬೇಕು ಅನ್ನಿಸಿದರೆ ಎರಡು ದಾರಿ ಇವೆ.

ಮೊದಲನೆಯದು, ನೇರವಾಗಿ ಹಾಕಿ ನೋಡುವುದು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಅದು 32 ಬಿಟ್ ಸಾಫ್ಟ್‌ವೇರನ್ನು ಓಡಿಸುತ್ತದೆ, ಡಾಸ್ ಮತ್ತು 16 ಬಿಟ್‌ನವನ್ನು ಓಡಿಸುವುದಿಲ್ಲ. 1990ರ ದಶಕದ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಒಳಗಿನದು 32 ಬಿಟ್ ಆಗಿದ್ದರೂ ಅದನ್ನು ಕೂರಿಸುವ ಸೆಟಪ್ 16 ಬಿಟ್‌ನದು. ಸಿ.ಡಿ. ಹಾಕಿದೊಡನೆ 'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ' ಅಂತ ಬರುವುದು ಅದಕ್ಕೇ. ನಿಮ್ಮದು 12ನೇ ಆವೃತ್ತಿಯಾದರೆ ಪ್ರಯತ್ನ ಮಾಡಬಹುದು. ಸೆಟಪ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಆರಿಸಿ, ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಎಂದು ಕೊಡಿ. ಡೇಟಾಬೇಸನ್ನು ಮಾತ್ರ ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ, ಡಾಕ್ಯುಮೆಂಟ್ಸ್‌ನಲ್ಲಿ ಇಡಿ. ವಿಸ್ತಾದಿಂದ ಈಚೆಗೆ ವಿಂಡೋಸ್ ಒಂದು ಕೆಲಸ ಮಾಡುತ್ತದೆ. ಹಳೇ ಸಾಫ್ಟ್‌ವೇರ್ ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಹೋದರೆ ಅದನ್ನು ಸದ್ದಿಲ್ಲದೆ ವರ್ಚುವಲ್‌ಸ್ಟೋರ್ ಎಂಬ ಬೇರೆ ಫೋಲ್ಡರಿಗೆ ತಿರುಗಿಸುತ್ತದೆ. ನಿನ್ನೆ ಸೇರಿಸಿದ್ದು ಇವತ್ತು ಫೋಲ್ಡರಿನಲ್ಲಿ ಕಾಣುತ್ತಿಲ್ಲ ಎಂದು ಗಾಬರಿಯಾದವರಿಗೆ ನಾನು ಮೊದಲು ತೋರಿಸುವುದು ಆ ಜಾಗವನ್ನೇ. ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್.

ಎರಡನೆಯದು, ಲ್ಯಾಪ್‌ಟಾಪಿನೊಳಗೇ ಒಂದು ಎಕ್ಸ್‌ಪಿ ಕಂಪ್ಯೂಟರ್ ಮಾಡಿಕೊಳ್ಳುವುದು. ಒರಾಕಲ್‌ನ ವರ್ಚುವಲ್‌ಬಾಕ್ಸ್ ಇದಕ್ಕೆ ಸಾಕು, ದುಡ್ಡು ಕೊಡಬೇಕಿಲ್ಲ. ಎಕ್ಸ್‌ಪಿಯ ಸಿ.ಡಿ. ಮತ್ತು ಕೀ ನಿಮ್ಮದೇ ಆಗಿರಬೇಕು. ಕಂಪ್ಯೂಟರ್ ಜತೆ ಬಂದ ಎಕ್ಸ್‌ಪಿಯ ಪರವಾನಗಿ ಆ ಯಂತ್ರಕ್ಕೇ ಕಟ್ಟಿದ್ದು, ಅದನ್ನು ಬೇರೆ ಕಡೆ ಬಳಸುವಂತಿಲ್ಲ. ಹಳೇ ಡಿಸ್ಕಿನ ಪೂರ್ತಿ ನಕಲನ್ನು ವರ್ಚುವಲ್‌ಬಾಕ್ಸಿಗೆ ಕೊಟ್ಟಾಗ ನೀಲಿ ಪರದೆ ಬಂದು ನಿಂತರೆ, ಸೆಟ್ಟಿಂಗಿನಲ್ಲಿ ಡಿಸ್ಕ್ ಕಂಟ್ರೋಲರನ್ನು ಸಾಟಾದಿಂದ ಐಡಿಇಗೆ ಬದಲಿಸಿ ನೋಡಿ. ಈ ಎಕ್ಸ್‌ಪಿಗೆ ನೆಟ್ ಸಂಪರ್ಕ ಕೊಡಲೇಬೇಡಿ. 2014ರ ಏಪ್ರಿಲ್ 8ರ ನಂತರ ಅದಕ್ಕೆ ಸುರಕ್ಷತೆಯ ಅಪ್‌ಡೇಟುಗಳು ನಿಂತಿವೆ. ಫೈಲು ಹೊರಗೆ ತರಲು ನೆಟ್ ಬೇಕಾಗಿಯೂ ಇಲ್ಲ. ಎಕ್ಸ್‌ಪಿಯನ್ನು ಶಟ್‌ಡೌನ್ ಮಾಡಿ. ಈ ಎಕ್ಸ್‌ಪಿಗೆ ಹಾರ್ಡ್‌ಡಿಸ್ಕಿನಂತೆ ಕೆಲಸ ಮಾಡುವ ಫೈಲು, ಅಂದರೆ ವರ್ಚುವಲ್ ಡಿಸ್ಕ್, ವಿಎಚ್‌ಡಿ ರೂಪದಲ್ಲಿದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ವಿಂಡೋಸ್ ಅದನ್ನು ಇನ್ನೊಂದು ಡ್ರೈವ್ ಎಂಬಂತೆ ತೆರೆಯುತ್ತದೆ, ಒಳಗಿನ ಆರ್‌ಐಎಸ್ ಫೈಲನ್ನು ಎತ್ತಿಕೊಳ್ಳಬಹುದು.

ಮನೆಯಲ್ಲಿ ಮಗ ಇದ್ದಾಗ ಜತೆಯಲ್ಲಿ ಕೂತು ಈ ಎರಡನೇ ದಾರಿ ಹಿಡಿಯಿರಿ. ನಕಲು ಮತ್ತು ಎಕ್ಸ್‌ಪೋರ್ಟ್ ಮಾತ್ರ ಅಲ್ಲಿಯವರೆಗೆ ಕಾಯಬಾರದು.

ಪ್ರಶ್ನೆ: ಮೇಡಂ, ನನ್ನ ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಕೆಲವೇ ವಾರ ಉಳಿದಿವೆ. ಹಳೇ ಎಂಡ್‌ನೋಟ್‌ನಲ್ಲಿ ಉಲ್ಲೇಖ ಹಾಕುತ್ತಿದ್ದೆ. ಹೊಸ ಲ್ಯಾಪ್‌ಟಾಪಿನ ವರ್ಡ್‌ನಲ್ಲಿ ಎಂಡ್‌ನೋಟ್ ಟ್ಯಾಬೇ ಕಾಣುತ್ತಿಲ್ಲ. ಗೆಳತಿಯರು ಜೊಟೆರೊಗೆ ಬದಲಾಯಿಸು ಅನ್ನುತ್ತಿದ್ದಾರೆ. ಈಗ ಬದಲಾಯಿಸಲೇ?
— ಸಂಶೋಧನಾ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಬೇಡ. ಸಲ್ಲಿಸುವವರೆಗೆ ಹಳೇ ಲ್ಯಾಪ್‌ಟಾಪಿನಲ್ಲೇ, ಹಳೇ ವರ್ಡ್‌ನಲ್ಲೇ ಮುಗಿಸಿ. ಅದು ನಿಧಾನವಾದರೂ ಪರವಾಗಿಲ್ಲ. ಜೊಟೆರೊ ನನಗೂ ಇಷ್ಟ, ಹೊಸದಾಗಿ ಶುರು ಮಾಡುವವರಿಗೆಲ್ಲ ಅದನ್ನೇ ಹೇಳುತ್ತೇನೆ. ಆದರೆ ಎಂಡ್‌ನೋಟ್ ಹಾಕಿದ ಉಲ್ಲೇಖವನ್ನು ಜೊಟೆರೊ ತನ್ನದೆಂದು ಗುರುತಿಸುವುದಿಲ್ಲ. ಪಟ್ಟಿ ಹೊಸ ಕಡೆಗೆ ಬರುತ್ತದೆ, ಪ್ರಬಂಧದೊಳಗಿನ ಉಲ್ಲೇಖಗಳನ್ನು ಒಂದೊಂದಾಗಿ ಮತ್ತೆ ಹಾಕಬೇಕಾಗುತ್ತದೆ. ಈ ವಾರಗಳಲ್ಲಿ ಅದು ನಿಮಗೆ ಬೇಡ.

ವರ್ಡ್‌ನಲ್ಲಿ ಆಲ್ಟ್ ಮತ್ತು ಎಫ್9 ಒಟ್ಟಿಗೆ ಒತ್ತಿ ನೋಡಿ. ಉಲ್ಲೇಖ ಇರುವ ಕಡೆಯೆಲ್ಲ ಬಾಗಿದ ಕಂಸದೊಳಗೆ ಉದ್ದುದ್ದ ಸಂಕೇತ ಕಾಣುತ್ತದೆ. ಪುಸ್ತಕದ ವಿವರ ಅದರೊಳಗೂ ಅಡಗಿದೆ. ಮತ್ತೆ ಒತ್ತಿದರೆ ಮೊದಲಿನಂತೆ ಆಗುತ್ತದೆ. ಹಾಗೆ ಅಡಗಿರುವುದರಿಂದಲೇ, ನಿಮ್ಮ ಪಟ್ಟಿ ಇರುವ ಎಂಡ್‌ನೋಟ್ ಲೈಬ್ರರಿ ಫೈಲು ಕಳೆದುಹೋಗಿದ್ದರೂ ಎಂಡ್‌ನೋಟ್ ಟ್ಯಾಬಿನ ಟ್ರಾವೆಲಿಂಗ್ ಲೈಬ್ರರಿ ಎಕ್ಸ್‌ಪೋರ್ಟ್ ಮೂಲಕ ಪ್ರಬಂಧದಲ್ಲಿ ಬಳಸಿದ ಪುಸ್ತಕಗಳನ್ನು ಹಿಂದಕ್ಕೆ ಪಡೆಯಬಹುದು. ನೀವು ಓದಿ ಬರೆದ ಟಿಪ್ಪಣಿ ಮತ್ತು ಸೇರಿಸಿದ ಪಿಡಿಎಫ್ ಅದರಲ್ಲಿ ಬರುವುದಿಲ್ಲ. ಅದಕ್ಕೆ ಲೈಬ್ರರಿಯೇ ಬೇಕು. ಇಎನ್‌ಎಲ್ ಫೈಲು, ಅದೇ ಹೆಸರಿನ ಡೇಟಾ ಫೋಲ್ಡರ್ ಎರಡನ್ನೂ ಒಟ್ಟಿಗೆ ನಕಲು ಮಾಡಿ. ಕಂಪ್ರೆಸ್ಡ್ ಲೈಬ್ರರಿ ಮಾಡಿದರೆ ಎರಡೂ ಸೇರಿ ಒಂದೇ ಫೈಲಾಗುತ್ತದೆ, ಅದೇ ಒಳ್ಳೇದು.

ಹೊಸ ಲ್ಯಾಪ್‌ಟಾಪಿನಲ್ಲಿ ಟ್ಯಾಬ್ ಕಾಣದಿದ್ದರೆ ವರ್ಡ್‌ನ ಆಪ್ಷನ್ಸ್‌ನಲ್ಲಿ ಆ್ಯಡ್-ಇನ್ಸ್ ತೆರೆದು, ಡಿಸೇಬಲ್ಡ್ ಐಟಮ್ಸ್ ಪಟ್ಟಿಯಲ್ಲಿ ಎಂಡ್‌ನೋಟ್ ಇದೆಯಾ ನೋಡಿ. ಒಮ್ಮೆ ವರ್ಡ್ ಕ್ರ್ಯಾಶ್ ಆದರೆ ಅದನ್ನು ತಾನೇ ಅಲ್ಲಿಗೆ ತಳ್ಳಿಬಿಟ್ಟಿರಬಹುದು. ಇದು ಐದು ನಿಮಿಷದ ಕೆಲಸ. ಅದರಿಂದ ಆಗದಿದ್ದರೆ ಬಿಟ್ಟುಬಿಡಿ, ಈಗ ಸಮಯ ಕಳೆಯಬೇಡಿ.

ಗೈಡ್ ಒಪ್ಪಿದ ಮೇಲೆ, ಮುದ್ರಣಕ್ಕೆ ಕೊಡುವ ಮುಂಚೆ 'ಕನ್ವರ್ಟ್ ಟು ಪ್ಲೇನ್ ಟೆಕ್ಸ್ಟ್' ಮಾಡಿ. ಅದು ಸಂಕೇತಗಳಿಲ್ಲದ ಬೇರೆ ಪ್ರತಿಯನ್ನು ಮಾಡಿಕೊಡುತ್ತದೆ. ಡಿಟಿಪಿ ಅಂಗಡಿಗೆ ಕೊಡಬೇಕಾದ್ದು ಆ ಪ್ರತಿ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ಪರೀಕ್ಷಕರು ತಿದ್ದುಪಡಿ ಕೇಳಿದರೆ ಅದೇ ಬೇಕಾಗುತ್ತದೆ. ಒಳ್ಳೆಯದಾಗಲಿ ನಿಮಗೆ.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಹಳೇ ಮೆಂಡಲೆ ಡೆಸ್ಕ್‌ಟಾಪ್ ಇನ್ನೂ ಓಡುತ್ತಿದೆ. ಹೊಸ ಕಂಪ್ಯೂಟರಿಗೂ ಅದನ್ನೇ ಹಾಕಬಹುದೇ?
— ಓದುಗರು, ಸಿರುಗುಪ್ಪ

ಉತ್ತರ: 2022ರ ಸೆಪ್ಟೆಂಬರ್ 1ರಿಂದ ಕಂಪನಿ ಅದನ್ನು ಹೊಸದಾಗಿ ಕೊಡುವುದನ್ನು ನಿಲ್ಲಿಸಿದೆ. ಯಾರದೋ ಪೆನ್‌ಡ್ರೈವಿನಿಂದ ತಂದು ಹಾಕಿಕೊಳ್ಳುವ ಆಸೆ ಬೇಡ. 1.19ನೇ ಆವೃತ್ತಿಯಿಂದ ಅದು ನಿಮ್ಮ ಪಟ್ಟಿಯನ್ನು ಬೀಗ ಹಾಕಿದ ರೂಪದಲ್ಲಿ ಇಡುತ್ತದೆ. ಹಾಗಾಗಿ ಆ ಫೈಲನ್ನು ಬರೀ ನಕಲು ಮಾಡಿಟ್ಟರೆ ಬೇರೆ ಸಾಫ್ಟ್‌ವೇರ್ ಅದನ್ನು ತೆರೆಯಲಾರದು. ಹಳೇ ಕಂಪ್ಯೂಟರಿನಲ್ಲಿ ಅದು ಓಡುತ್ತಿರುವಾಗಲೇ ಎಲ್ಲವನ್ನೂ ಆರಿಸಿ ಆರ್‌ಐಎಸ್‌ಗೆ ಎಕ್ಸ್‌ಪೋರ್ಟ್ ಮಾಡಿ. ಪಿಡಿಎಫ್‌ಗಳ ಫೋಲ್ಡರನ್ನು ಬೇರೆಯಾಗಿ ನಕಲು ಮಾಡಿ.

ಪ್ರಶ್ನೆ: ಹಳೇ ಪಟ್ಟಿಯಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು 'ನುಡಿ' ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದೆ. ಹೊಸದರಲ್ಲಿ ಅವೆಲ್ಲ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿವೆ. ನೂರಾರು ಪುಸ್ತಕಗಳನ್ನು ಮತ್ತೆ ಟೈಪ್ ಮಾಡಬೇಕೇ?
— ಕನ್ನಡ ಅಧ್ಯಾಪಕರು, ಸಿಂಧನೂರು

ಉತ್ತರ: ಮತ್ತೆ ಟೈಪ್ ಮಾಡಬೇಕಿಲ್ಲ ಸರ್. ನಿಮ್ಮ ಅಕ್ಷರಗಳು ಹಾಳಾಗಿಲ್ಲ. ಹಳೇ ನುಡಿ, ಬರಹಗಳಲ್ಲಿ ಆಸ್ಕಿ ಫಾಂಟಿನಿಂದ ಟೈಪ್ ಮಾಡಿದಾಗ ಕಂಪ್ಯೂಟರ್ ಒಳಗೆ ಇಟ್ಟುಕೊಂಡಿದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳನ್ನು. ಅವು ಕನ್ನಡದಂತೆ ಕಾಣುತ್ತಿದ್ದದ್ದು ಫಾಂಟಿನಿಂದ ಮಾತ್ರ. ಯುನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸಂಖ್ಯೆಗಳಿವೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ಇಲ್ಲಿ ಒಂದು ಎಚ್ಚರ ಬೇಕೇ ಬೇಕು. ಇಡೀ ಆರ್‌ಐಎಸ್ ಫೈಲನ್ನು ಪರಿವರ್ತಕಕ್ಕೆ ಹಾಕಬೇಡಿ. ಅದಕ್ಕೆ ನಿಜವಾದ ಇಂಗ್ಲಿಷ್ ಯಾವುದು, ನುಡಿಯ ಕನ್ನಡ ಯಾವುದು ಎಂದು ಗೊತ್ತಾಗುವುದಿಲ್ಲ, ಎರಡೂ ಒಂದೇ ಸಂಖ್ಯೆಗಳಲ್ಲವಾ. ಇಂಗ್ಲಿಷ್ ಪುಸ್ತಕಗಳ ಹೆಸರು ಕನ್ನಡದ ಕಲಸುಮೇಲೋಗರವಾಗುತ್ತವೆ. ಸಾಲಿನ ಮೊದಲಿಗಿರುವ ಎಯು, ಪಿವೈ ಗುರುತುಗಳೂ ಕೆಡುತ್ತವೆ, ಆಮೇಲೆ ಆ ಫೈಲನ್ನು ಯಾವ ಸಾಫ್ಟ್‌ವೇರೂ ಓದುವುದಿಲ್ಲ.

ಹೀಗೆ ಮಾಡಿ. ಹಳೇ ಸಾಫ್ಟ್‌ವೇರಿನಲ್ಲೇ ಕನ್ನಡ ಪುಸ್ತಕಗಳಿಗೆಲ್ಲ 'ಕೆಎಎನ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಒಂದು ವಿಷಯಪದ ಕೊಡಿ. ಅವನ್ನು ಮಾತ್ರ ಆರಿಸಿ ಬೇರೆ ಆರ್‌ಐಎಸ್ ಮಾಡಿ. ಅದನ್ನು ಎಕ್ಸೆಲ್‌ನಲ್ಲಿ ತೆರೆದು, ಗುರುತು ಒಂದು ಕಾಲಂನಲ್ಲಿ, ಅದರ ಮುಂದಿನ ಬರಹ ಇನ್ನೊಂದು ಕಾಲಂನಲ್ಲಿ ಬರುವಂತೆ ಬೇರ್ಪಡಿಸಿ. ಎರಡನೇ ಕಾಲಂನಿಂದ ಲೇಖಕ, ಶೀರ್ಷಿಕೆ, ಪ್ರಕಾಶಕರು, ಟಿಪ್ಪಣಿಯ ಸಾಲುಗಳನ್ನಷ್ಟೇ ಪರಿವರ್ತಕಕ್ಕೆ ಹಾಕಿ. ಆಮೇಲೆ ಮತ್ತೆ ಕೂಡಿಸಿ, ಯುಟಿಎಫ್-8ರಲ್ಲಿ ಉಳಿಸಿ. ಒಂದು ಪುಸ್ತಕದಿಂದ ಶುರು ಮಾಡಿ ಕೊನೆಯವರೆಗೆ ಹೋಗಿ ನೋಡಿ, ಸರಿಬಂದರೆ ಉಳಿದದ್ದನ್ನು ಮಾಡಿ.

ಬಂದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ದೀರ್ಘಗಳನ್ನು ಕಣ್ಣಿಟ್ಟು ನೋಡಿ. 'ಧರ್ಮ', 'ವರ್ಷ', 'ಸ್ತ್ರೀ' ಇಂಥ ಪದಗಳಲ್ಲಿ ತಪ್ಪು ಬೇಗ ಗೊತ್ತಾಗುತ್ತದೆ. ಯುನಿಕೋಡಿಗೆ ಬಂದರೆ ಹುಡುಕಾಟವೂ ಕನ್ನಡದಲ್ಲೇ ಆಗುತ್ತದೆ. ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ನಿಮ್ಮ ಪಟ್ಟಿಯಲ್ಲಿ ಎಷ್ಟಿವೆ ಎಂದು ತಿಳಿಯಲು 'ಶಾಸನ' ಅಂತ ಟೈಪ್ ಮಾಡಿದರೆ ಸಾಕು. ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಇಷ್ಟು ಅನುಕೂಲ ಸಿಗಲೇಬೇಕು.

ಪ್ರಶ್ನೆ: ಗೆಳೆಯನೊಬ್ಬ ಎಂಡ್‌ನೋಟ್‌ನ 'ಕ್ರ್ಯಾಕ್' ಪ್ರತಿ ಕೊಡುತ್ತೇನೆ ಅನ್ನುತ್ತಿದ್ದಾನೆ. ಹಾಕಿಕೊಳ್ಳಬಹುದೇ?
— ಓದುಗರು, ಬಳ್ಳಾರಿ

ಉತ್ತರ: ಬೇಡವೇ ಬೇಡ. ಅದು ಕಳ್ಳಪ್ರತಿ, ಜತೆಗೆ ವೈರಸ್ ಬರುವ ದಾರಿ. ನಿಮ್ಮ ವಿಶ್ವವಿದ್ಯಾಲಯಕ್ಕೆ ಪರವಾನಗಿ ಇದೆಯಾ ಎಂದು ಅಲ್ಲಿನ ಗ್ರಂಥಾಲಯದಲ್ಲಿ ಕೇಳಿ. ಇಲ್ಲದಿದ್ದರೆ ಜೊಟೆರೊ ಇದೆ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದವರು ಶುರು ಮಾಡಿದ್ದು. ಉಚಿತ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಕನ್ನಡವನ್ನೂ ಚೆನ್ನಾಗಿ ತೋರಿಸುತ್ತದೆ.

ಪ್ರಶ್ನೆ: ಜೊಟೆರೊದ ಫೋಲ್ಡರನ್ನು ಗೂಗಲ್ ಡ್ರೈವ್ ಒಳಗೇ ಇಟ್ಟರೆ ಬ್ಯಾಕಪ್ ತಾನಾಗೇ ಆಗುತ್ತದಲ್ಲವೇ?
— ಓದುಗರು, ಕುಷ್ಟಗಿ

ಉತ್ತರ: ಹಾಗೆ ಇಡಬೇಡಿ. ಜೊಟೆರೊ ತನ್ನ ಡೇಟಾಬೇಸಿಗೆ ಬರೆಯುತ್ತಿರುವಾಗಲೇ ಡ್ರೈವ್ ಅದನ್ನು ಮೇಲಕ್ಕೆ ಕಳಿಸಲು ಹೋದರೆ ಫೈಲೇ ಕೆಡಬಹುದು. ಜೊಟೆರೊದವರೂ ಇದನ್ನು ಬೇಡ ಎನ್ನುತ್ತಾರೆ. ಜೊಟೆರೊ ಮುಚ್ಚಿ, ಅದರ ಇಡೀ ಫೋಲ್ಡರನ್ನು ಜಿಪ್ ಮಾಡಿ, ಆ ಜಿಪ್ ಫೈಲನ್ನು ಡ್ರೈವಿಗೆ ಹಾಕಿ. ಜತೆಗೆ ಆಗಾಗ ಒಂದು ಆರ್‌ಐಎಸ್ ಕೂಡ ತೆಗೆದು, ಹೆಸರಿನಲ್ಲಿ ತಾರೀಖು ಸೇರಿಸಿ ಅಲ್ಲೇ ಇಡಿ.